ಕೈಬ್ರೇಕು: ಅದರ ಚರಿತ್ರೆಯೂ ಜೋಡಣೆಯೂ

ಹಳೆಯ ಮೋಟಾರು ಬಂಡಿಯೊಂದನ್ನು ಮನೆಯಲ್ಲಿಯೇ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಿ ಓಡಿಸುವ ಹವ್ಯಾಸವು ಅನೇಕ ದೇಶಗಳಲ್ಲಿ ಬೆಳೆದಿದೆ. ನಮ್ಮ ನಗರಗಳಲ್ಲಿಯೂ ಅದಕ್ಕೆ ಭಕ್ತರುಂಟು. ಇಂತಹವರ ಉತ್ಸಾಹವೂ ಹಣವೂ ಮೊದಲು ಎಂಜಿನ್ನಿಗೆ ಸಲ್ಲುತ್ತವೆ. ಆಮೇಲೆ ಬಣ್ಣಕ್ಕೂ ಹಿತ್ತಾಳೆಯ ಹೊಳಪಿಗೂ ಸಲ್ಲುತ್ತವೆ. ಕೈಬ್ರೇಕಿನ ಸರದಿ ಕಟ್ಟಕಡೆಗೆ ಬರುತ್ತದೆ. ಬಂಡಿ ಓಡಿತು, ಕಾಲಿನಿಂದ ಅದುಮಿದರೆ ನಿಂತಿತು. ಇನ್ನುಳಿದ ಆ ಒಂದು ಸನ್ನೆಕೋಲನ್ನು ಹೇಗೋ ಸಿಕ್ಕಿಸಿದರಾಯಿತು ಎಂಬ ಭಾವನೆ ಆಗ ಸಹಜವಾಗಿ ಹುಟ್ಟುತ್ತದೆ. ಈ ಭಾವನೆ ಎಷ್ಟು ಅಪಾಯಕರವಾದುದೆಂಬುದನ್ನು ಕೈಬ್ರೇಕಿನ ಚರಿತ್ರೆಯೇ ನಮಗೆ ಚೆನ್ನಾಗಿ ತಿಳಿಸುತ್ತದೆ. ಯಾವ ತಿರುಪನ್ನು ಮೊದಲು ಬಿಗಿಯಬೇಕು, ಯಾವುದನ್ನು ಆಮೇಲೆ ಬಿಗಿಯಬೇಕು ಎಂಬ ನಿಯಮಗಳ ಹಿಂದೆ ನೂರಾರು ವರ್ಷಗಳ ಅನುಭವವಿದೆ. ಆ ಅನುಭವವನ್ನು ತಿಳಿದವನು ನಿಯಮವನ್ನು ಮರೆತರೂ ತಾನೇ ಅದನ್ನು ಮತ್ತೆ ಊಹಿಸಿಕೊಳ್ಳಬಲ್ಲನು.

ಓಡುವ ಬಂಡಿಯನ್ನು ನಿಲ್ಲಿಸುವುದು ಒಂದು ಕೆಲಸ. ನಿಂತ ಬಂಡಿಯನ್ನು ನಿಂತಂತೆಯೇ ಇರಿಸುವುದು ಬೇರೊಂದು ಕೆಲಸ. ಮೊದಲನೆಯದರಲ್ಲಿ ಚಾಲಕನು ಸ್ಥಳದಲ್ಲಿರುತ್ತಾನೆ. ಬ್ರೇಕು ಸಾಲದೆ ಬಂದರೆ ಇನ್ನಷ್ಟು ಬಲವಾಗಿ ಅದುಮುತ್ತಾನೆ, ಗೇರು ಇಳಿಸುತ್ತಾನೆ, ಕೊನೆಗೆ ರಸ್ತೆಯ ಪಕ್ಕದ ದಿಣ್ಣೆಗಾದರೂ ತಿರುಗಿಸುತ್ತಾನೆ. ಎರಡನೆಯದರಲ್ಲಿ ಅವನು ಇಳಿದು ಹೋಗಿರುತ್ತಾನೆ. ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ, ಕಬ್ಬಿಣವು ಕಬ್ಬಿಣವನ್ನು ಹಿಡಿದುಕೊಂಡು ಒಂಟಿಯಾಗಿ ನಿಂತಿರಬೇಕು. ಹಿಡಿತ ಸಡಿಲಿದರೆ ತಿದ್ದುವವರು ಯಾರೂ ಇಲ್ಲ. ಈ ಎರಡು ಕೆಲಸಗಳಿಗೂ ಒಂದೇ ಉಪಕರಣ ಸಾಕೆಂದು ಎಣಿಸಿದಾಗಲೆಲ್ಲ ಮನುಷ್ಯನಿಗೆ ಪೆಟ್ಟು ಬಿದ್ದಿದೆ.

ಎತ್ತಿನ ಗಾಡಿಯ ಕಾಲದಿಂದಲೂ ನಿಂತ ಗಾಡಿಯನ್ನು ಕಾಯುತ್ತ ಬಂದಿರುವುದು ಗಾಲಿಗೆ ಕೊಟ್ಟ ಕಲ್ಲು. ಇದು ಬಹು ಪ್ರಾಮಾಣಿಕವಾದ ಸಾಧನ. ಇದರಲ್ಲಿ ಸವೆಯತಕ್ಕ ಭಾಗವಿಲ್ಲ, ಮರೆತರೆ ಮಾತ್ರ ಕೆಡುಕು. ಯೂರೋಪಿನ ಭಾರದ ಬಂಡಿಗಳವರು ಇಳಿಜಾರಿನಲ್ಲಿ ಹಿಂದಿನ ಗಾಲಿಯ ಕೆಳಗೆ ಸರಪಣಿಯಿಂದ ನೇತುಹಾಕಿದ ಕಬ್ಬಿಣದ ಪಾದುಕೆಯೊಂದನ್ನು ಕೊಡುತ್ತಿದ್ದರು. ಗಾಲಿಯು ಅದರ ಮೇಲೆ ಕುಳಿತು ತಿರುಗದೆ ಜಾರುತ್ತ ಬರುತ್ತಿತ್ತು. ಆಮೇಲೆ ಗಾಲಿಯ ಪಟ್ಟಿಗೆ ಮರದ ತುಂಡನ್ನು ಒತ್ತುವ ಸನ್ನೆಕೋಲು ಬಂದಿತು. 1888ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಬೆರ್ಟಾ ಬೆನ್ಜ್ ಎಂಬ ಧೀರ ಮಹಿಳೆಯು ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿಯು ನಿರ್ಮಿಸಿದ ಮೋಟಾರು ಬಂಡಿಯಲ್ಲಿ, ಜರ್ಮನಿಯ ಮಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರು ಪ್ರಯಾಣಮಾಡಿದುದು ಪ್ರಸಿದ್ಧವಾಗಿದೆ. ಆ ಬಂಡಿಯಲ್ಲಿದ್ದುದೂ ಮರದ ತುಂಡಿನ ಬ್ರೇಕೇ. ಇಳಿಜಾರುಗಳಲ್ಲಿ ಮರವು ಸವೆದುಹೋಗಲು, ಆಕೆ ದಾರಿಯ ಹಳ್ಳಿಯೊಂದರಲ್ಲಿ ಚಮ್ಮಾರನನ್ನು ಕರೆಯಿಸಿ, ಆ ತುಂಡುಗಳ ಮೇಲೆ ತೊಗಲನ್ನು ಹೊಡೆಯಿಸಿದಳು. ಇಂದು ನಾವು ಬ್ರೇಕ್ ಲೈನಿಂಗು ಎಂದು ಅಂಗಡಿಯಲ್ಲಿ ಕೊಳ್ಳುವ ವಸ್ತುವಿನ ಮೂಲಪುರುಷ ಆ ತೊಗಲಿನ ತುಂಡು.

ಮರದ ತುಂಡಿನ ತರುವಾಯ ಪಟ್ಟಿಯ ಬ್ರೇಕು ಬಂದಿತು. ಒಂದು ಡ್ರಮ್ಮಿನ ಸುತ್ತ ಉಕ್ಕಿನ ಪಟ್ಟಿಯನ್ನು ಸುತ್ತಿ ಬಿಗಿಯುವುದು ಇದರ ಕ್ರಮ. ಡ್ರಮ್ಮು ಮುಂದಕ್ಕೆ ತಿರುಗುತ್ತಿರುವಾಗ ಅದು ಪಟ್ಟಿಯನ್ನು ತನ್ನೊಡನೆ ಸೆಳೆದುಕೊಂಡು ಮತ್ತಷ್ಟು ಬಿಗಿಮಾಡುತ್ತದೆ. ಹಿಂದಕ್ಕೆ ತಿರುಗಿದರೆ ಅದೇ ಪಟ್ಟಿಯನ್ನು ಬಿಚ್ಚಿಬಿಡುತ್ತದೆ. ಆದಕಾರಣ ಮೊದಲಿನ ಮೋಟಾರುಗಳು ಇಳಿಜಾರಿನಲ್ಲಿ ಚೆನ್ನಾಗಿ ನಿಲ್ಲುತ್ತಿದ್ದುವು, ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತಿದ್ದುವು. ಇದಕ್ಕೆ ಆ ಕಾಲದವರು ಕಂಡ ಉಪಾಯ ವಿಚಿತ್ರವಾದುದು. ಬಂಡಿಯ ಅಡಿಯಲ್ಲಿ ಚೂಪಾದ ಕಬ್ಬಿಣದ ಸಲಾಕೆಯೊಂದನ್ನು ನೇತುಹಾಕಿದ್ದರು. ಏರು ಬಂದಾಗ ಅದನ್ನು ಇಳಿಯಬಿಟ್ಟರೆ ನೆಲಕ್ಕೆ ನಾಟಿಕೊಂಡು ಬಂಡಿಯನ್ನು ತಡೆಯುತ್ತಿತ್ತು. ಇಳಿಯಬಿಡುವುದು ಒಂದು ಕ್ಷಣ ತಡವಾಗಿ, ಬಂಡಿಯು ಆಗಲೇ ವೇಗಗೊಂಡಿದ್ದರೆ, ಸಲಾಕೆಯನ್ನೇ ಹಾರಿ ಹತ್ತಿ ಹೋಗುತ್ತಿತ್ತು. ಡ್ರಮ್ಮಿನ ಒಳಗಡೆಯಿಂದ ಹಿಗ್ಗಿ ಒತ್ತುವ ಶೂಗಳ ಬ್ರೇಕನ್ನು ಫ್ರಾನ್ಸ್ ದೇಶದ ಲೂಯಿ ರೆನೋ 1902ರಲ್ಲಿ ರೂಢಿಗೆ ತಂದ ಮೇಲೆ ಈ ಸಂಕಟ ಕ್ರಮೇಣ ಕಡಮೆಯಾಯಿತು. ಎರಡು ಶೂಗಳಲ್ಲಿ ಒಂದಲ್ಲ ಒಂದು, ಗಾಲಿ ಯಾವ ಕಡೆಗೆ ತಿರುಗಲೆತ್ನಿಸಿದರೂ, ಡ್ರಮ್ಮಿಗೆ ಅಂಟಿಕೊಂಡು ಬಿಗಿಯಾಗುತ್ತದೆ. ಕಾಲುದಾರಿಯ ಮಟ್ಟದಲ್ಲಿ ಹೇಳುವುದಾದರೆ, ನಿಂತ ಬಂಡಿಗೆ ಮುಂದಿನ ಇಳಿಜಾರೂ ಹಿಂದಿನ ಇಳಿಜಾರೂ ಒಂದೇ ಆಗಬೇಕು. ಮನೆಯಲ್ಲಿ ಜೋಡಿಸಿದ ಕೈಬ್ರೇಕನ್ನು ಎರಡು ದಿಕ್ಕಿನಲ್ಲಿಯೂ ಪರೀಕ್ಷಿಸತಕ್ಕದ್ದೆಂಬ ನಿಯಮ ಈ ಕಾಲದಿಂದ ಬಂದುದು.

ಮೋಟಾರಿನ ಕಥೆಯನ್ನು ಮುಂದುವರಿಸುವ ಮೊದಲು ರೈಲಿನ ಒಂದು ಪ್ರಸಂಗವನ್ನು ಹೇಳಬೇಕಾಗಿದೆ; ನಿಲ್ಲಿಸುವ ಬ್ರೇಕಿಗೂ ಇರಿಸುವ ಬ್ರೇಕಿಗೂ ಇರುವ ಭೇದವನ್ನು ಸರ್ಕಾರಗಳಿಗೆ ಮನಗಾಣಿಸಿದುದು ರೈಲೇ. ಐರ್ಲೆಂಡಿನ ಅರ್ಮಾ ಪಟ್ಟಣದಿಂದ 1889ನೆಯ ಜೂನ್ 12ರಂದು ಭಾನುವಾರದ ಪಾಠಶಾಲೆಯ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ತುಂಬಿಕೊಂಡು ವಿಹಾರದ ರೈಲೊಂದು ಹೊರಟಿತು. ಊರಾಚೆಯ ಕಡಿದಾದ ಏರನ್ನು ಎಂಜಿನ್ನು ಹತ್ತಲಾರದೆ ನಿಂತುಬಿಟ್ಟಿತು. ರೈಲನ್ನು ಎರಡಾಗಿ ಬೇರ್ಪಡಿಸಿ, ಮುಂದಿನ ಭಾಗವನ್ನು ಮೊದಲು ಮೇಲಕ್ಕೆ ಒಯ್ಯುವುದೆಂದು ನಿಶ್ಚಯವಾಯಿತು. ಅದರಲ್ಲಿದ್ದ ನಿರ್ವಾತ ಬ್ರೇಕು, ಎಂಜಿನ್ನಿನಿಂದ ಕಳಚಿದೊಡನೆ ತಾನಾಗಿ ಹಿಡಿಯುವ ಬಗೆಯದಾಗಿರಲಿಲ್ಲ. ಕಳಚಿದೊಡನೆ ಬಿಟ್ಟುಹೋಗುವ ಬಗೆಯದು. ಹೀಗಾಗಿ ಹಿಂದಿನ ಹತ್ತು ಬಂಡಿಗಳನ್ನು ಹಿಡಿದಿಡಲು ಉಳಿದುದು ಗಾರ್ಡಿನ ಬಂಡಿಯ ಒಂದು ಕೈಬ್ರೇಕು ಮತ್ತು ಗಾಲಿಗಳ ಕೆಳಗೆ ಕೊಟ್ಟ ಕೆಲವು ಕಲ್ಲುಗಳು. ಮುಂದಿನ ಭಾಗವು ಹೊರಡುವಾಗ ಸ್ವಲ್ಪವೇ ಹಿಂದಕ್ಕೆ ಸರಿದು ತಾಗಿತು. ಕಲ್ಲುಗಳು ಪುಡಿಯಾದುವು, ಕೈಬ್ರೇಕು ಹಿಡಿಯಲಿಲ್ಲ. ಹತ್ತು ಬಂಡಿಗಳೂ ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಅದೇ ದಾರಿಯಲ್ಲಿ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದುವು. ಸತ್ತವರು 80 ಮಂದಿ. ಅವರಲ್ಲಿ ಮಕ್ಕಳೇ ಹಲವರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾನೂನೊಂದನ್ನು ಮಾಡಿ, ಪ್ರಯಾಣಿಕರ ರೈಲುಗಳಿಗೆಲ್ಲ ತಾನಾಗಿಯೇ ಹಿಡಿಯುವ ಬ್ರೇಕನ್ನು ಕಡ್ಡಾಯಪಡಿಸಿತು.

ಒಂದರ ಕೈಕೊಟ್ಟಾಗ ಇನ್ನೊಂದು ಉಳಿಯಬೇಕೆಂಬ ಈ ವಿವೇಕವು ರಸ್ತೆಯ ಬಂಡಿಗಳಿಗೂ ಬಂದಿತು. 1904ರ ಬ್ರಿಟಿಷ್ ಮೋಟಾರು ನಿಬಂಧನೆಗಳು ಪ್ರತಿಯೊಂದು ಮೋಟಾರಿನಲ್ಲಿಯೂ ಪರಸ್ಪರ ಸ್ವತಂತ್ರವಾದ ಎರಡು ಬ್ರೇಕುಗಳು ಇರತಕ್ಕದ್ದೆಂದು ವಿಧಿಸಿದುವು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ಕಾಲುಬ್ರೇಕು ಮತ್ತು ನಿಲುಗಡೆಯ ಬ್ರೇಕು ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳನ್ನು ಹೇಳಿದೆ. ಸ್ವತಂತ್ರ ಎಂಬ ಮಾತೇ ಇಲ್ಲಿ ಮುಖ್ಯವಾದುದು. ಅದರ ಅರ್ಥವನ್ನು ತಿಳಿಯಲು, ಮನೆಯಲ್ಲಿ ಬಿಚ್ಚಿ ಜೋಡಿಸಿದ ಬಂಡಿಗಳಲ್ಲಿ ಪ್ರಾಯಶಃ ಅಗ್ರಸ್ಥಾನ ಪಡೆಯತಕ್ಕ ಒಂದು ಬಂಡಿಯನ್ನು ನೋಡುವುದು ಉಚಿತ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಟಿ ಮಾದರಿಯ ಬಂಡಿ 1927ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ ಒಂದೂವರೆ ಕೋಟಿ. ಬ್ರಿಟಿಷ್ ಸಾಮ್ರಾಜ್ಯದ ಇತರ ಭಾಗಗಳಂತೆ ನಮ್ಮ ದೇಶಕ್ಕೂ ಅವು ಬಹುಪಾಲು ಫೋರ್ಡ್ ಕಂಪೆನಿಯ ಕೆನಡಾ ಶಾಖೆಯಿಂದ ಬಂದುವು. ಅಮೆರಿಕದ ಹಳ್ಳಿಯ ರೈತನು ಈ ಬಂಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿದ್ದನು. ಕಂಪೆನಿಯೂ ಪ್ರಶ್ನೋತ್ತರದ ರೂಪದ ಕೈಪಿಡಿಯನ್ನು ಕೊಟ್ಟು ಅದಕ್ಕೆ ಉತ್ತೇಜನವಿತ್ತಿತು. ನಮ್ಮ ಕಡೆಯ ಹಿರಿಯರು ವೇದಾಂತವನ್ನು ಗುರುಶಿಷ್ಯ ಸಂವಾದವಾಗಿ ಕಲಿತ ಹಾಗೆ ಆತನು ಕಾರ್ಬ್ಯುರೇಟರನ್ನು ಕಲಿತನೆನ್ನಬಹುದು.

ಈ ಬಂಡಿಯಲ್ಲಿ ಕಾಲಿನ ಕೆಳಗೆ ಮೂರು ಪೆಡಲುಗಳು. ಎಡಗಡೆಯದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗುವುದಕ್ಕೆ, ಬಲಗಡೆಯದು ಬ್ರೇಕಿಗೆ. ಆದರೆ ಆ ಬ್ರೇಕು ಗಾಲಿಯನ್ನು ಮುಟ್ಟುವುದಿಲ್ಲ. ಎಂಜಿನ್ನಿಗೆ ಸೇರಿದ ಗೇರು ಪೆಟ್ಟಿಗೆಯೊಳಗೆ, ಎಣ್ಣೆಯಲ್ಲಿ ಮುಳುಗಿರುವ ಒಂದು ಡ್ರಮ್ಮನ್ನು ಪಟ್ಟಿಯೊಂದು ಹಿಡಿಯುತ್ತದೆ. ಆ ಹಿಡಿತವು ಉದ್ದನೆಯ ದಂಡ, ಹಲ್ಲಿನ ಚಕ್ರಗಳು, ಡಿಫರೆನ್ಷಿಯಲ್ಲು, ಆಕ್ಸಲು, ಆಕ್ಸಲಿನ ತುದಿಯ ಚಾವಿ, ಇಷ್ಟನ್ನೂ ದಾಟಿ ಗಾಲಿಗೆ ಮುಟ್ಟಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಕಾಲುಬ್ರೇಕು ಇಲ್ಲದ ಹಾಗೆಯೇ. ಹಿಂದಿನ ಆಕ್ಸಲಿನೊಳಗೆ ಬಿಳಿಲೋಹದ ಬಿಲ್ಲೆಗಳನ್ನು ಹಾಕಿದ್ದರು. ಕಾಲಾಂತರದಲ್ಲಿ ಇವು ಒಡೆದು ಪುಡಿಯಾಗಿ, ಹಲ್ಲಿನ ಚಕ್ರಗಳು ಒಂದರಿಂದೊಂದು ದೂರ ಸರಿಯುವುದುಂಟು. ಆಗ ಪೆಡಲನ್ನು ಎಷ್ಟು ಅದುಮಿದರೂ ಗೇರು ಪೆಟ್ಟಿಗೆ ನಿಲ್ಲುತ್ತದೆ, ಗಾಲಿಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ಈ ಕಾರಣದಿಂದಲೇ ತಿಳಿದವರು ಇಂದು ಟಿ ಮಾದರಿಯನ್ನು ಬಿಚ್ಚಿದಾಗ ಆ ಬಿಲ್ಲೆಗಳನ್ನು ಕಂಚಿನವುಗಳಿಂದ ಬದಲಿಸದೆ ಬಿಡುವುದಿಲ್ಲ.

ಕೈಬ್ರೇಕಿನ ಡ್ರಮ್ಮಾದರೋ ಹಿಂದಿನ ಗಾಲಿಗೇ ನೇರವಾಗಿ ಬಿಗಿದುದು. ಆಕ್ಸಲು ತುಂಡಾಗಲಿ, ಚಾವಿ ಕತ್ತರಿಸಿಹೋಗಲಿ, ಅದಕ್ಕೆ ಬಾಧಕವಿಲ್ಲ. ಇದೇ ನಿಜವಾದ ಸ್ವಾತಂತ್ರ್ಯ. ಆದರೆ ಅದರ ಶಕ್ತಿ ಅಲ್ಪ. ಡ್ರಮ್ಮಿನ ವ್ಯಾಸ 8 ಅಂಗುಲ. ಒಳಗಿನ ಶೂಗಳು ಲೈನಿಂಗಿಲ್ಲದ ಬರಿಯ ಎರಕದ ಕಬ್ಬಿಣ. 1926ರ ಮಾದರಿಯಲ್ಲಿ ಮಾತ್ರ 11 ಅಂಗುಲದ ಡ್ರಮ್ಮೂ ಲೈನಿಂಗೂ ಬಂದುವು. ಓಡುವ ಬಂಡಿಯನ್ನು ನಿಲ್ಲಿಸಲು ಹಳೆಯ ಶೂಗಳು ಸಾಲವೆಂದು ಹೊರಗಿನ ತಯಾರಕರು ಗಾಲಿಯ ಡ್ರಮ್ಮಿಗೆ ಹೊರಗಡೆಯಿಂದ ಹಿಡಿಯುವ ಪಟ್ಟಿಗಳನ್ನು ಮಾರುತ್ತಿದ್ದರು.

ಕೈಬ್ರೇಕಿನ ಸನ್ನೆಕೋಲಿಗೆ ಈ ಬಂಡಿಯಲ್ಲಿ ಇನ್ನೊಂದು ಹೊಣೆಯೂ ಉಂಟು. ಕೋಲು ಮುಂದಿದ್ದರೆ ಬಂಡಿ ಮೇಲಿನ ಗೇರಿನಲ್ಲಿ ಓಡುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕ್ಲಚ್ಚು ಬಿಡುತ್ತದೆ, ಬ್ರೇಕು ಹಿಡಿದಿರುವುದಿಲ್ಲ. ಪೂರ್ತಿ ಹಿಂದಕ್ಕೆ ಎಳೆದರೆ ಕ್ಲಚ್ಚು ಬಿಟ್ಟಿದ್ದು, ಬ್ರೇಕೂ ಹಿಡಿಯುತ್ತದೆ. ಹ್ಯಾಂಡಲು ತಿರುಗಿಸಿ ಎಂಜಿನ್ನನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ ಇದರ ಮಹತ್ತ್ವ ಹೇಳತೀರದು. ಕ್ಲಚ್ಚಿನ ಬಿಲ್ಲೆಗಳು ಎಣ್ಣೆಯಲ್ಲಿರುವುದರಿಂದ, ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ, ಕ್ಲಚ್ಚು ಬಿಟ್ಟಿದ್ದರೂ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಜಿನ್ನು ಎದ್ದೊಡನೆ ಬಂಡಿಯು ಮುಂದಕ್ಕೆ ತೆವಳುತ್ತದೆ; ಅದರ ಮುಂದೆ ಹ್ಯಾಂಡಲು ಹಿಡಿದು ನಿಂತಿರುವವನು ಯಜಮಾನನೇ! ಕೈಬ್ರೇಕಿನ ಜೋಡಣೆ ಸರಿಯಾಗಿದ್ದವನಿಗೆ ಅದು ನಗೆಪಾಟಲು, ಇಲ್ಲದವನಿಗೆ ಮೂಳೆಮುರಿತ. ವಿದ್ಯುತ್ ಸ್ಟಾರ್ಟರು 1919ರಿಂದೀಚೆಗೆ ಬಂದರೂ ಹಳೆಯ ಬಂಡಿಯನ್ನು ಮನೆಯಲ್ಲಿ ಜೋಡಿಸಿದವನು ಮೊದಲ ದಿನ ಹ್ಯಾಂಡಲಿನಿಂದಲೇ ಎಬ್ಬಿಸಿ ನೋಡುವುದು ಸಾಮಾನ್ಯವಾದುದರಿಂದ ಈ ಅಪಾಯ ಹಳೆಯದಾಗಿಲ್ಲ.

ಈಗ ಜೋಡಣೆಯ ಕ್ರಮವನ್ನು ವಿಚಾರಮಾಡೋಣ. ಸನ್ನೆಕೋಲು ಕುಳಿತಿರುವುದು ಬಂಡಿಯ ಚೌಕಟ್ಟಿಗೆ ಅಡ್ಡಲಾಗಿರುವ ಒಂದು ದಂಡದ ಮೇಲೆ. ಆ ದಂಡದ ಎರಡು ತುದಿಗಳಲ್ಲಿ ಎರಡು ತೋಳುಗಳು. ಒಂದೊಂದು ತೋಳಿನಿಂದ ಒಂದೊಂದು ರಾಡು ಹಿಂದಿನ ಗಾಲಿಗೆ ಹೋಗುತ್ತದೆ. ದಂಡದ ನಡುವೆ ಕ್ಲಚ್ಚನ್ನು ಬಿಡಿಸುವ ಉಬ್ಬೊಂದಿದೆ. ಅದು ಕ್ಲಚ್ಚಿನ ಸನ್ನೆಗೆ ಸೇರಿದ ತಿರುಪಿನ ಮೇಲೆ ಒತ್ತುತ್ತದೆ. ಮೊದಲು ಸರಿಪಡಿಸಬೇಕಾದುದು ಈ ತಿರುಪು. ಇದು ಗಿಡ್ಡವಾದರೆ ಕೋಲನ್ನು ಹಿಂದಕ್ಕೆ ಎಳೆದಾಗಲೂ ಕ್ಲಚ್ಚು ಪೂರ್ತಿ ಬಿಡದೆ, ಎಂಜಿನ್ನು ಒಂದು ಕಡೆ ಎಳೆಯುತ್ತ ಬ್ರೇಕು ಇನ್ನೊಂದು ಕಡೆ ಹಿಡಿಯುತ್ತ ಹೋರಾಡುತ್ತವೆ. ಉದ್ದವಾದರೆ ಕೋಲು ಮುಂದಿದ್ದಾಗಲೂ ಕ್ಲಚ್ಚು ಪೂರ್ತಿ ಹಿಡಿಯದೆ ಜಾರುತ್ತದೆ. ಇದನ್ನು ಬಿಟ್ಟು ರಾಡುಗಳನ್ನು ಮೊದಲು ಬಿಗಿದವನು ತಿರುಗಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಎರಡನೆಯದು ಶೂಗಳು. ಅವು ಸವೆದಿದ್ದರೆ ಬದಲಿಸತಕ್ಕದ್ದೇ ಹೊರತು ರಾಡನ್ನು ಗಿಡ್ಡಮಾಡಿ ಸವೆತವನ್ನು ಮರೆಮಾಡತಕ್ಕದ್ದಲ್ಲ. ಶೂಗಳನ್ನು ಹಿಗ್ಗಿಸುವ ಉಬ್ಬುಗಾಲಿಯು ಒಂದು ಮಿತಿಯವರೆಗೆ ತಿರುಗಿದರೆ ಒತ್ತುತ್ತದೆ. ಮಿತಿಮೀರಿ ತಿರುಗಿದರೆ ತುದಿ ದಾಟಿ ಮಗುಚಿಕೊಂಡು ಸಿಕ್ಕಿಬೀಳುತ್ತದೆ. ಆಮೇಲೆ ಕೋಲನ್ನು ಮುಂದಕ್ಕೆ ತಳ್ಳಿದರೂ ಗಾಲಿ ಬಿಡುವುದಿಲ್ಲ. ಆಕ್ಸಲಿನಿಂದ ಸೋರುವ ಗ್ರೀಸು ಡ್ರಮ್ಮಿನೊಳಕ್ಕೆ ಬರುವುದು ಈ ಬಂಡಿಯ ಜನ್ಮದೋಷ. ತಡೆಯುವ ಫೆಲ್ಟನ್ನು ಹೊಸದಾಗಿ ಹಾಕದೆ ಹೊಸ ಶೂ ಹಾಕುವುದು ತೂತು ಬಿದ್ದ ಸೂರಿನ ಕೆಳಗೆ ಹೊಸ ಹಾಸಿಗೆ ಹಾಸಿದಂತೆ.

ರಾಡುಗಳು ಮೂರನೆಯ ಕೆಲಸ. ಇಲ್ಲಿಯೇ ಮನೆಯ ಮೆಕ್ಯಾನಿಕನ ತಾಳ್ಮೆಗೆ ಪರೀಕ್ಷೆ. ಈಚಿನ ಬಂಡಿಗಳಲ್ಲಿ ಎಡಬಲದ ಎಳೆತವನ್ನು ತಾನಾಗಿ ಸಮಮಾಡುವ ತುಂಡೊಂದು ಕೇಬಲ್ಲುಗಳ ನಡುವೆ ಇರುತ್ತದೆ. ಟಿ ಮಾದರಿಯಲ್ಲಿ ಅದಿಲ್ಲ. ದಂಡವು ಗಡುಸಾದುದು, ಎರಡು ತೋಳುಗಳೂ ಒಟ್ಟಿಗೆ ತಿರುಗುತ್ತವೆ. ಒಂದು ರಾಡು ಕೂದಲೆಳೆಯಷ್ಟು ಉದ್ದವಾಗಿದ್ದರೂ ಆ ಕಡೆಯ ಗಾಲಿ ಹಿಡಿಯುವ ಮೊದಲೇ ಈ ಕಡೆಯದು ಕಚ್ಚಿಕೊಳ್ಳುತ್ತದೆ, ಕೋಲು ಅಲ್ಲಿಗೆ ನಿಂತುಬಿಡುತ್ತದೆ. ಯಜಮಾನನು ಕೋಲು ಗಟ್ಟಿಯಾಗಿ ನಿಂತಿತೆಂದು ಸಂತೋಷಪಡುತ್ತಾನೆ. ಬಂಡಿಯು ಒಂಟಿಕಾಲಿನಲ್ಲಿ ನಿಂತಿದೆಯೆಂಬುದು ಅವನಿಗೆ ತಿಳಿಯದು. ಆದುದರಿಂದ ಮುಂದಿನ ಗಾಲಿಗಳಿಗೆ ಎರಡು ಕಡೆಯಿಂದಲೂ ಕಲ್ಲು ಕೊಟ್ಟು, ಹಿಂದಿನ ಎರಡು ಗಾಲಿಗಳನ್ನೂ ಎತ್ತಿ, ಭದ್ರವಾದ ಪೀಠಗಳ ಮೇಲೆ ನಿಲ್ಲಿಸಬೇಕು. ಕೋಲು ಮುಂದಿರುವಾಗ ಎರಡು ಗಾಲಿಗಳೂ ಶೂಗಳ ಉಜ್ಜುವಿಕೆಯಿಲ್ಲದೆ ತಿರುಗಬೇಕು. ಕೋಲನ್ನು ಒಂದೊಂದು ಹಲ್ಲಿನಂತೆ ಹಿಂದಕ್ಕೆ ಎಳೆಯುತ್ತ, ಸಹಾಯಕನೊಬ್ಬನಿಂದ ಗಾಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಎರಡೂ ಒಂದೇ ಹಲ್ಲಿನಲ್ಲಿ ಬಿಗಿಯಾಗತೊಡಗಿದರೆ ಸರಿ. ಇಲ್ಲವಾದರೆ ಹಿಂದುಳಿದ ಕಡೆಯ ರಾಡಿನ ಕವಲುತುಂಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡತಕ್ಕದ್ದು. ಹಲ್ಲುಪಟ್ಟಿ ಮುಗಿಯುವುದಕ್ಕೆ ಕೆಲವು ಹಲ್ಲುಗಳು ಉಳಿದಿರುವಾಗಲೇ ಗಾಲಿಗಳು ಪೂರ್ತಿ ಬಿಗಿಯಬೇಕು. ಆ ಉಳಿದ ಹಲ್ಲುಗಳು ಮುಂದಿನ ಸವೆತಕ್ಕೆ ಮೀಸಲು. ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆಯ ಮೂತಿ ಸವೆದು ದುಂಡಗಾಗಿದ್ದರೆ, ಮೇಲೆ ಹೇಳಿದ ಕೆಲಸವೆಲ್ಲ ಸರಿಯಾಗಿದ್ದೂ, ಹಾದುಹೋಗುವವನ ಮೈ ತಾಗಿದ ಮಾತ್ರಕ್ಕೆ ಕೋಲು ಜಿಗಿದು ಬಿಡಬಹುದು.

ಟಿ ಮಾದರಿಯನ್ನು ಬಿಟ್ಟು ಫೋರ್ಡ್ ಕಂಪೆನಿಯು 1927ರ ಕೊನೆಯಲ್ಲಿ ಎ ಮಾದರಿಯನ್ನು ಹೊರತಂದಿತು. ಇದರಲ್ಲಿ ನಾಲ್ಕು ಗಾಲಿಗಳಿಗೂ ಬ್ರೇಕು ಬಂದುದು ದೊಡ್ಡ ಸುಧಾರಣೆ. ಆದರೆ ಮೊದಲ ತಿಂಗಳುಗಳ ಬಂಡಿಗಳಲ್ಲಿ ಕೈಬ್ರೇಕಿನ ಕೋಲೂ ಕಾಲಿನ ಪೆಡಲೂ ಹಿಂದಿನ ಗಾಲಿಯ ಅವೇ ಶೂಗಳನ್ನು ಎಳೆಯುತ್ತಿದ್ದುವು. ಅಮೆರಿಕದ ಕೆಲವು ಸಂಸ್ಥಾನಗಳ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಕೋಲುಗಳು ಎರಡಿದ್ದರೇನು, ಹಿಡಿಯುವ ಶೂ ಒಂದೇ ಆದಮೇಲೆ ಬ್ರೇಕು ಒಂದೇ ಅಲ್ಲವೆ? ಕಂಪೆನಿಯು 1928ರಲ್ಲಿಯೇ ರಚನೆಯನ್ನು ಬದಲಾಯಿಸಿ, ಕೈಬ್ರೇಕಿಗೆ ಬೇರೆಯ ಪಟ್ಟಿಯನ್ನೂ ಅದಕ್ಕೆ ಡ್ರಮ್ಮಿನಲ್ಲಿ ಬೇರೆಯ ಸ್ಥಳವನ್ನೂ ಕೊಡಬೇಕಾಯಿತು. ಅಷ್ಟು ದೊಡ್ಡ ಕಾರ್ಖಾನೆಯನ್ನು ಕಾನೂನಿನ ಒಂದು ಪದ ಬಗ್ಗಿಸಿತೆಂಬುದು ಗಮನಾರ್ಹ. ಈ ಹಠವನ್ನು ಕಾಲಕ್ರಮದಲ್ಲಿ ಸಡಿಲಿಸಿದರೆಂಬುದೂ ನಿಜ; ಮುಂದಿನ ಬಂಡಿಗಳಲ್ಲಿ ಶೂಗಳು ಒಂದೇ ಇದ್ದು, ಎಳೆಯುವ ದಾರಿಗಳು ಮಾತ್ರ ಎರಡಾದುವು. ಖರ್ಚಿನ ದೃಷ್ಟಿಯಿಂದ ಇದು ಅನಿವಾರ್ಯವಾಗಿದ್ದಿರಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ ಆ ಅಧಿಕಾರಿಗಳ ತರ್ಕದಲ್ಲಿ ತಪ್ಪಿರಲಿಲ್ಲ.

ದಾರಿಗಳು ಎರಡಾದುದಕ್ಕೆ ಕಾರಣ ದ್ರವದ ಬ್ರೇಕು. ಡ್ಯೂಸೆನ್‌ಬರ್ಗ್ ಬಂಡಿಯಲ್ಲಿ 1921ರಲ್ಲಿ ನಾಲ್ಕು ಗಾಲಿಗಳಿಗೂ ಬಂದ ಈ ಬ್ರೇಕು, ಕ್ರೈಸ್ಲರ್‌ಗೆ 1924ರಲ್ಲಿಯೂ ಷೆವ್ರೊಲೆಗೆ 1936ರಲ್ಲಿಯೂ ಬಂದಿತು; ಹೆನ್ರಿ ಫೋರ್ಡ್ 1939ರವರೆಗೆ ಒಪ್ಪದೆ ಉಕ್ಕಿನ ರಾಡುಗಳನ್ನೇ ನೆಚ್ಚಿಕೊಂಡಿದ್ದನು. ದ್ರವವು ಒತ್ತಡವನ್ನು ಎಲ್ಲ ಗಾಲಿಗಳಿಗೂ ಸಮನಾಗಿ ಹಂಚುವುದರಲ್ಲಿ ಅದ್ವಿತೀಯ. ಆದರೆ ಅದು ಸೋರುತ್ತದೆ. ಒಂದು ನಿಮಿಷಕ್ಕೆ ಗೊತ್ತಾಗದ ಸೋರಿಕೆ ಒಂದು ರಾತ್ರಿಗೆ ಗೊತ್ತಾಗುತ್ತದೆ. ಇದರಿಂದ ಕೈಬ್ರೇಕು ಮಾತ್ರ ಉಕ್ಕಿನ ಕೇಬಲ್ಲಿಗೇ ಅಂಟಿಕೊಂಡು ಉಳಿಯಿತು.

ಯುದ್ಧಾನಂತರದ ಅಮೆರಿಕದ ಬಂಡಿಗಳಲ್ಲಿ ಬಹು ಪ್ರಚಾರದಲ್ಲಿದ್ದ ಬೆಂಡಿಕ್ಸ್ ಬಗೆಯ ಡ್ರಮ್ ಬ್ರೇಕನ್ನು ಬಿಚ್ಚಿದವರು ಎರಡು ಶೂಗಳು ಒಂದೇ ಬಗೆಯವೆಂದು ಎಣಿಸಿ ಅದಲುಬದಲು ಮಾಡುವುದುಂಟು. ಲೈನಿಂಗು ಗಿಡ್ಡವಾಗಿರುವುದು ಬಂಡಿಯ ಮುಂಭಾಗದ ಕಡೆಗೂ ಉದ್ದವಾಗಿರುವುದು ಹಿಂಭಾಗದ ಕಡೆಗೂ ಬರತಕ್ಕದ್ದು. ಕೈಬ್ರೇಕಿನ ಪುಟ್ಟ ಸನ್ನೆಯು ಹಿಂದಿನ ಶೂವಿನ ನೆತ್ತಿಗೆ ಕೀಲಿಸಿಕೊಂಡು ಕೆಳಕ್ಕೆ ಇಳಿಬಿದ್ದಿರುತ್ತದೆ. ಕೇಬಲ್ಲು ಅದರ ಕೆಳತುದಿಯನ್ನು ಮುಂದಕ್ಕೆ ಎಳೆಯುತ್ತದೆ. ಸನ್ನೆಗೂ ಮುಂದಿನ ಶೂವಿಗೂ ನಡುವೆ ಒಂದು ಚಪ್ಪಟೆಯಾದ ಅಡ್ಡಪಟ್ಟಿ. ಕೇಬಲ್ಲು ಎಳೆದಾಗ ಆ ಪಟ್ಟಿಯು ಮುಂದಿನ ಶೂವನ್ನು ಮುಂದಕ್ಕೆ ತಳ್ಳುತ್ತದೆ, ಅದರ ಮರುಬಲವು ಹಿಂದಿನ ಶೂವನ್ನು ಹಿಂದಕ್ಕೆ ಒತ್ತುತ್ತದೆ. ಈ ಪಟ್ಟಿಯನ್ನು ಮರೆತು ಡ್ರಮ್ಮು ಮುಚ್ಚಿದವನಿಗೆ ಕಾಲುಬ್ರೇಕಿನಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಕೈಬ್ರೇಕು ಮಾತ್ರ ಏನನ್ನೂ ಹಿಡಿಯುವುದಿಲ್ಲ. ಕೆಳಗಿನ ಹಲ್ಲುಚಕ್ರದ ತಿರುಪುಗಳು ಎಡಕ್ಕೊಂದು, ಬಲಕ್ಕೊಂದು. ಅವುಗಳ ಸುತ್ತುಗಳು ಪರಸ್ಪರ ವಿರುದ್ಧ. ತಾನಾಗಿ ಸರಿಹೊಂದಿಸಿಕೊಳ್ಳುವ ಬ್ರೇಕುಗಳಲ್ಲಿ ಇವನ್ನು ಅದಲುಬದಲು ಮಾಡಿದರೆ ಬಿಗಿಯಾಗಬೇಕಾದುದು ದಿನದಿನಕ್ಕೆ ಸಡಿಲವಾಗುತ್ತದೆ. ಒಂದು ಕಡೆಯ ಡ್ರಮ್ಮನ್ನು ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚುವ ಪದ್ಧತಿ ಬಹಳ ಒಳ್ಳೆಯದು. ಬಿಚ್ಚದೆ ಉಳಿದುದು ಬಿಚ್ಚಿದುದಕ್ಕೆ ನಕ್ಷೆಯಾಗುತ್ತದೆ.

ಇಲ್ಲಿಯೂ ಕ್ರಮವೇ ಪ್ರಧಾನ. ಕೇಬಲ್ಲನ್ನು ಸಡಿಲವಾಗಿ ಬಿಟ್ಟು, ಮೊದಲು ಹಲ್ಲುಚಕ್ರದಿಂದ ಶೂಗಳನ್ನು ಡ್ರಮ್ಮಿಗೆ ಸಮೀಪಿಸತಕ್ಕದ್ದು. ಕಾಲುಬ್ರೇಕು ಸರಿಹೊಂದಿದ ಮೇಲೆಯೇ ಕೇಬಲ್ಲಿನ ಸಡಿಲವನ್ನು ತೆಗೆಯತಕ್ಕದ್ದು. ಇದನ್ನು ತಿರುಗುಮುರುಗು ಮಾಡಿ, ಶೂಗಳ ದೂರವನ್ನು ಕೇಬಲ್ಲಿನ ಬಿಗಿತದಿಂದ ಮುಚ್ಚಿದರೆ, ಶೂಗಳು ತಮ್ಮ ಆಧಾರದ ಗೂಟದಿಂದ ಎದ್ದು ನಿಲ್ಲುತ್ತವೆ. ಕೋಲು ಮೂರೇ ಹಲ್ಲಿಗೆ ಗಟ್ಟಿಯಾಗಿ ನಿಂತು ಬಹು ಸೊಗಸಾಗಿ ತೋರುತ್ತದೆ. ನೂರು ಮೈಲಿ ಓಡುವುದರೊಳಗೆ ಡ್ರಮ್ಮು ಕಾಯುತ್ತದೆ, ಲೈನಿಂಗು ಸುಡುತ್ತದೆ. ಕೊಳವೆಯೊಳಗೆ ತುಕ್ಕು ಹಿಡಿದ ಹಳೆಯ ಕೇಬಲ್ಲೂ ಇದೇ ಕೇಡನ್ನು ಮಾಡುವುದು: ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಿರುಗುವುದಿಲ್ಲ.

ಇನ್ನು ಪರೀಕ್ಷೆಯ ವಿಷಯ. ಕೆನಡಾ ದೇಶದ ಕ್ವೆಬೆಕ್ ಪ್ರಾಂತದಲ್ಲಿ 2013ನೆಯ ಜುಲೈ 5ರ ರಾತ್ರಿ, ಕಚ್ಚಾ ಎಣ್ಣೆಯ 72 ಟ್ಯಾಂಕುಗಳ ರೈಲೊಂದನ್ನು ಇಳಿಜಾರಿನ ಮೇಲ್ಭಾಗದಲ್ಲಿ ನಿಲ್ಲಿಸಿದರು. ಏಳು ಕೈಬ್ರೇಕುಗಳನ್ನು ಬಿಗಿದು, ಅವು ಹಿಡಿದಿವೆಯೇ ಎಂದು ಪರೀಕ್ಷೆಯನ್ನೂ ಮಾಡಿದರು. ಆದರೆ ಪರೀಕ್ಷೆಯ ವೇಳೆಯಲ್ಲಿ ಎಂಜಿನ್ನುಗಳ ಗಾಳಿಯ ಬ್ರೇಕನ್ನು ಬಿಟ್ಟಿರಲಿಲ್ಲ. ರೈಲು ಅಲುಗಲಿಲ್ಲ, ಕೈಬ್ರೇಕು ಸಾಕೆಂದು ತೋರಿತು. ಆಮೇಲೆ ಎಂಜಿನ್ನೊಂದಕ್ಕೆ ಬೆಂಕಿ ತಗಲಿ, ನಂದಿಸಿದವರು ಅದನ್ನು ನಿಲ್ಲಿಸಿದರು. ಗಾಳಿಯನ್ನು ತುಂಬುವ ಯಂತ್ರ ನಿಂತುದರಿಂದ ಗಾಳಿಯು ಮೆಲ್ಲಮೆಲ್ಲನೆ ಸೋರಿತು. ನಡುರಾತ್ರಿ ಕಳೆದ ಮೇಲೆ, ಯಾರೂ ಇಲ್ಲದ ಆ ರೈಲು ತಾನಾಗಿ ಉರುಳಿ, ಕೆಳಗಿನ ಲಾಕ್ ಮೆಗಾಂಟಿಕ್ ಪಟ್ಟಣದ ನಡುವೆ ಹಳಿತಪ್ಪಿ ಉರಿದು, 47 ಜನರು ಮಡಿದರು. ಕಡಮೆಯೆಂದರೂ 17 ಕೈಬ್ರೇಕುಗಳು ಬೇಕಾಗಿದ್ದುವೆಂದು ವಿಚಾರಣೆಯಲ್ಲಿ ತಿಳಿಯಿತು. ಅರ್ಮಾದ ದುರಂತ ಕಳೆದು 124 ವರ್ಷಗಳಾಗಿದ್ದುವು.

ಮನೆಯಲ್ಲಿ ಬಂಡಿಯನ್ನು ಜೋಡಿಸಿದವನು ಮಾಡುವ ತಪ್ಪೂ ಬಹುಮಟ್ಟಿಗೆ ಇದೇ ಜಾತಿಯದು. ಕೈಬ್ರೇಕನ್ನು ಎಳೆದು, ಗೇರಿನಲ್ಲಿಟ್ಟು, ಇಳಿದು ಬಂಡಿಯನ್ನು ತಳ್ಳಿ ನೋಡುತ್ತಾನೆ, ಅಲುಗದಿದ್ದರೆ ತೃಪ್ತನಾಗುತ್ತಾನೆ. ಹಿಡಿದಿರುವುದು ಗೇರೋ ಬ್ರೇಕೋ ಅವನಿಗೆ ತಿಳಿಯದು. ಸರಿಯಾದ ಪರೀಕ್ಷೆಗೆ ಗೇರು ನ್ಯೂಟ್ರಲಿನಲ್ಲಿರಬೇಕು. ಪೆಡಲಿನ ಮೇಲೆ ಕಾಲಿರಕೂಡದು. ನಿಜವಾದ ಇಳಿಜಾರು ಬೇಕು. ಮುಂದೆ ಗೋಡೆಯೂ ಜನರೂ ಇಲ್ಲದ ಸ್ಥಳವನ್ನಾರಿಸಿ, ಗಾಲಿಗೆ ಒಂದು ಗೇಣು ದೂರದಲ್ಲಿ ಕಲ್ಲನ್ನಿಟ್ಟು, ಚಾಲಕನು ಒಳಗೇ ಕುಳಿತು, ಕೈಬ್ರೇಕೊಂದನ್ನೇ ನಂಬಿ ಪೆಡಲನ್ನು ಬಿಟ್ಟು ನೋಡತಕ್ಕದ್ದು. ಮೂತಿಯನ್ನು ಕೆಳಗೆ ಮಾಡಿ ಒಂದು ಸಲ, ಮೇಲೆ ಮಾಡಿ ಒಂದು ಸಲ. ಬಂಡಿಯು ಚೆನ್ನಾಗಿ ಓಡಿ ಬ್ರೇಕುಗಳು ಬಿಸಿಯಾಗಿರುವಾಗ ನಿಲ್ಲಿಸಿ, ಅವು ತಣ್ಣಗಾಗುವವರೆಗೆ ಕಾದು ಮತ್ತೊಂದು ಸಲ ನೋಡುವುದೂ ಅಗತ್ಯ. ಹಿಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕಿರುವ ಬಂಡಿಗಳಲ್ಲಿ, ಬಿಸಿಗೆ ಹಿಗ್ಗಿದ ಡಿಸ್ಕು ತಣ್ಣಗಾಗಿ ಕುಗ್ಗಿದಾಗ ಹಿಡಿತವು ಸಡಿಲುವುದುಂಟು. ಇಷ್ಟೂ ಮುಗಿದ ಮೇಲೆ ಬಂಡಿಯನ್ನು ಮನೆಗೆ ತಂದು, ಅಡಿಗೆ ನುಗ್ಗಿ, ಪ್ರತಿಯೊಂದು ಕೀಲಿನಲ್ಲಿಯೂ ಸ್ಪ್ಲಿಟ್ ಪಿನ್ನು ಹೊಸದಾಗಿದೆಯೇ, ಅದರ ಎರಡು ಕಾಲುಗಳೂ ಮಡಿಸಿವೆಯೇ ಎಂದು ದೀಪ ಹಿಡಿದು ನೋಡಬೇಕು.